ಟೇಲರ್ ಕಾಕಾರ ಸಿಪಾಯಿಗಳು

ಟೇಲರ್ ಕಾಕಾರ ಬಲಗೈ ಹೆಬ್ಬೆರಳಿನ ಉಗುರು ಯಾವತ್ತೂ ತನ್ನ ಬಣ್ಣದಲ್ಲಿ ಇರುತ್ತಿರಲಿಲ್ಲ. ಒಂದು ದಿನ ಖಾಕಿ, ಇನ್ನೊಂದು ದಿನ ಕೆಂಪು, ಮತ್ತೊಂದು ದಿನ ಹಳದಿ. ಗೊಂಬೆ ಸಿಪಾಯಿಗೆ ಹಚ್ಚುವ ಮೊದಲು ಪ್ರತಿ ಬಣ್ಣವನ್ನೂ ಉಗುರಿಗೆ ಹಚ್ಚಿ, ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ಅದೇ ಕೈಯಲ್ಲಿ ಗಿರಾಕಿಗಳ ಅಳತೆಯನ್ನೂ ತೆಗೆಯುತ್ತಿದ್ದರು.

ಗಂಗಾವತಿಯ ಅವರ ಅಂಗಡಿಗೆ ನಾನು ಕಾಜಾ-ಗುಂಡಿ ಕೆಲಸಕ್ಕೆ ಸೇರಿದ್ದು ಗಂಡ ಬಿಟ್ಟುಹೋದ ವರ್ಷ. ಮಷಿನ್ನಿನ ಹಿಂದೆ ಗಾಜಿನ ಕಪಾಟಿನ ತುಂಬ ಗೇಣುದ್ದದ ಸಿಪಾಯಿಗಳು: ಆನೆಗೊಂದಿ ಅರಸರ ಕುದುರೆ ಸವಾರರು, ನಿಜಾಮನ ಪಹರೆಯವರು, ತೋಪು ಹಾರಿಸುವವರು. ಎಲ್ಲ ಕಿನ್ನಾಳದ ಚಿತ್ರಗಾರರು ಹಗುರ ಕಟ್ಟಿಗೆಯಲ್ಲಿ ಮಾಡಿಕೊಟ್ಟವು. ತಂದ ಮೇಲೆ ಕಾಕಾ ಅವುಗಳ ಉಡುಪನ್ನು ತಪಾಸಣೆ ಮಾಡುತ್ತಿದ್ದರು. ಒಮ್ಮೆ ಒಬ್ಬ ಸವಾರನನ್ನು ಎತ್ತಿ ಹಿಡಿದು, “ಯವ್ವಾ, ಆ ಕಾಲದಾಗ ಇಂವಗ ಪ್ಯಾಂಟ್ ಯಾರ ಹೊಲದ ಕೊಟ್ರು? ನಾ ಅಂತೂ ಅಲ್ಲ” ಎಂದು ನಕ್ಕು, ಬಣ್ಣ ಕೆರೆದು ಧೋತರ ಬರೆದರು. “ಬಟ್ಟಿ ಸುಳ್ಳ ಹೇಳಬಾರ್ದು” ಎಂಬುದು ಅವರ ಮಾತು. ನನ್ನ ಕಾಜಾ ಒಂದೆಳೆ ಸೊಟ್ಟಾದರೂ ಬಿಚ್ಚಿಸುತ್ತಿದ್ದರು. ಮೈಯೆಲ್ಲ ಉರಿಯುತ್ತಿತ್ತು ನನಗೆ. ಈಗ ನಾನೂ ಬಿಚ್ಚಿಸುತ್ತೇನೆ.

ನಾನು ಸೇರುವ ಮೊದಲೇ ಅವರ ಒಬ್ಬನೇ ಮಗ ಮಿಲಿಟರಿಯಲ್ಲಿ ತೀರಿಕೊಂಡಿದ್ದ. ಕಾಕಾ ಆ ಮಾತು ಎತ್ತುತ್ತಿರಲಿಲ್ಲ. ಅವರ ಹೆಂಡತಿಯನ್ನು ನಾನು ಚಿಗವ್ವ ಅಂತಿದ್ದೆ. ಆಕೆ ಮೊಣಕಾಲು ಬೇನೆಯಿಂದ ಮನೆ ಹಿಡಿದಿದ್ದಳು. ಕಾಕಾರಿಗೂ ಎದೆನೋವು ಶುರುವಾಗಿತ್ತು. ಈ ಮನೆಗೆ ಯಾರ ಕಣ್ಣು ಬಿತ್ತೋ ಎಂದು ನಾನು ಮರುಗುತ್ತಿದ್ದೆ.

ದಸರೆಯಲ್ಲಿ ಮಷಿನ್ನು ಪೂಜಿಸುವ ಖಂಡೇಪೂಜೆಯ ಹಿಂದಿನ ದಿನ ಕಾಕಾ ಸಾಲಿ ಯೂನಿಫಾರ್ಮಿನ ಅಳತೆಗೆಂದು ಕುಷ್ಟಗಿಗೆ ಹೋಗಿದ್ದರು. ನಾನು ಅಂಗಡಿ ಸ್ವಚ್ಛ ಮಾಡುತ್ತಿದ್ದೆ. ಅವರ ಮಷಿನ್ನಿನ ಡ್ರಾದಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿದ ಒಬ್ಬ ಸಿಪಾಯಿ ಸಿಕ್ಕ. ಈಗಿನ ಕಾಲದ ಹಸಿರು ಡ್ರೆಸ್ಸು. ಎಡಗೈ ಮೊಣಕೈಯಿಂದ ಕೆಳಗೆ ಇಲ್ಲ. ಕಣ್ಣು ಬರೆದ ಮೂರ್ತಿ ಮುರಿದು ಭಿನ್ನವಾದರೆ ಮನೆಯಲ್ಲಿ ಇಟ್ಟುಕೊಳ್ಳಬಾರದು, ಹರಿಯುವ ನೀರಿಗೆ ಬಿಡಬೇಕು ಎಂದು ನಮ್ಮವ್ವ ಕಲಿಸಿದ್ದಳು. ಇವರ ಮನೆಗೆ ಹತ್ತಿದ ಕೇಡು ಇದೇ ಎನಿಸಿಬಿಟ್ಟಿತು. ಅರಿಷಿಣ ಕುಂಕುಮ ಹಚ್ಚಿ, ತುಂಬಿ ಹರಿಯುತ್ತಿದ್ದ ಕಾಲುವೆಗೆ ಬಿಟ್ಟು, ಕೈಮುಗಿದು ಬಂದೆ. ಉಪಕಾರ ಮಾಡಿದೆನೆಂಬ ಹಿಗ್ಗು ಬೇರೆ!

ಸಂಜೆ ಕಾಕಾ ಬಂದವರೇ ಡ್ರಾ ತೆಗೆದರು.

“ಯವ್ವಾ, ಇಲ್ಲಿದ್ದ ಸಿಪಾಯಿ ಎಲ್ಲಿ?”

“ಕಾಲುವಿಗೆ ಬಿಟ್ಟೇನ್ರಿ ಕಾಕಾರ. ಕೈ ಮುರದಿತ್ತಲ್ರಿ, ಭಿನ್ನ ಆದದ್ದು ಇಟಗೋಬಾರ್ದು...”

ಕಾಕಾ ಮಷಿನ್ ಹಿಡಿದುಕೊಂಡು ಕುಳಿತರು. “ಮುರದಿರಲಿಲ್ಲವ್ವಾ. ನಾನಽ ತಗದಿದ್ದೆ. ನನ್ನ ಮಗ ಹಂಗಽ ಬಂದಿದ್ದ.”

ಆಮೇಲೆ ಒಂದೊಂದೇ ಹೇಳಿದರು. ಕೊನೆಯ ಸಲ ರಜೆಗೆ ಬಂದಾಗ ಮಗ ಕಿನ್ನಾಳದಲ್ಲಿ ಅರ್ಧ ದಿನ ಕುಳಿತು, ತನ್ನದೇ ಮುಖದ ಸಿಪಾಯಿಯನ್ನು ಮಾಡಿಸಿ ಅಪ್ಪನಿಗೆ ಕೊಟ್ಟಿದ್ದ. ಪೆಟ್ಟಿಗೆಯಲ್ಲಿ ಹೆಣ ಬಂದಾಗ, ಎಡಗೈ ಸಿಗಲಿಲ್ಲವೆಂದು ಜೊತೆಗೆ ಬಂದವರು ಹೇಳಿದರು, ಪೆಟ್ಟಿಗೆ ತೆರೆಯಗೊಡಲಿಲ್ಲ. ಮಣ್ಣು ಮಾಡಿ ಬಂದ ಕಾಕಾ ಸಿಪಾಯಿಯ ಆ ಕೈಯನ್ನು ಕೊಯ್ದು ತೆಗೆದಿದ್ದರು. ವರ್ಷಕ್ಕೊಮ್ಮೆ ಖಂಡೇಪೂಜೆಗೆ ಮನೆಗೆ ಒಯ್ದರೆ ಚಿಗವ್ವ ಅದನ್ನು ಎದುರಿಗಿಟ್ಟುಕೊಂಡು ಮಗನ ಜೊತೆ ಮಾತಾಡುತ್ತಿದ್ದಳಂತೆ. ಮನೆಯಲ್ಲೇ ಇಟ್ಟರೆ ಊಟ ಬಿಡುತ್ತಾಳೆಂದು ಅಂಗಡಿಯಲ್ಲಿ ಇಟ್ಟಿದ್ದರು.

ಕತ್ತಲಾಗುವ ತನಕ ಇಬ್ಬರೂ ಕಾಲುವೆ ದಂಡೆ ಹಿಡಿದು ನಡೆದೆವು. ಸಿಗಲಿಲ್ಲ.

ಮರುದಿನ ಬೆಳಿಗ್ಗೆ ಚಿಗವ್ವನ ಕಾಲಿಗೆ ಬೀಳಬೇಕೆಂದು ಅವರ ಜೊತೆ ಮನೆಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಕಾಕಾ ಅಂದರು: “ಸಿಪಾಯಿನ್ನ ನಾನಽ ನೀರಿಗೆ ಬಿಟ್ಟೆ. ಎಷ್ಟ ದಿನ ಅಂತ ಇಟಗೊಂಡು ಅಳೂದು?”

ಚಿಗವ್ವ ಮುಂದಿದ್ದ ಪೂಜೆಯ ತಾಟನ್ನು ಬದಿಗೆ ಸರಿಸಿದಳು. “ನನ್ನ ಮಗನ್ನ ಎರಡ ಸಲ ಮಣ್ಣ ಮಾಡಿದ್ರಿ” ಎಂದಳು. ಗಂಡನ ಜೊತೆ ಆಕೆ ಆಡಿದ ಕಡೆಯ ಮಾತು ಅದು.

ಹೊರಗೆ ಬಂದು ನಾನು ಅತ್ತೆ. “ಹೇಳತೇನ್ರಿ ಕಾಕಾರ, ಬಿಡ್ರಿ ನನ್ನ.”

“ಸುಮ್ಮನಿರು. ನನ್ನ ಮ್ಯಾಲ ಸಿಟ್ಟಾದ್ರ ನಾ ಮನ್ಯಾಗ ಇರ್ತೀನಿ. ನಿನ್ನ ಮ್ಯಾಲ ಆದ್ರ ನೀ ಎಲ್ಲಿಗೆ ಹೋಗ್ತಿ?”

ಹೋಗಲು ಜಾಗವಿಲ್ಲದ ಹೇಡಿ ನಾನು, ಸುಮ್ಮನಾದೆ.

ಅದಾದ ಮೇಲೆ ಕಾಕಾ ಎರಡು ವರ್ಷ ಬದುಕಿದ್ದರು. ಚಿಗವ್ವ ತಾಟು ಮುಂದೆ ತಳ್ಳುತ್ತಿದ್ದಳು, ಅವರು ಉಣ್ಣುತ್ತಿದ್ದರು. ಕುಂಚ ಮುಟ್ಟಲಿಲ್ಲ. ಕೋಟು ಕತ್ತರಿಸುವುದನ್ನು ಆ ಎರಡು ವರ್ಷದಲ್ಲೇ ನನಗೆ ಕಲಿಸಿದರು, ಒಂದು ದಿನವೂ ಗದರಲಿಲ್ಲ. ಗದರಿದ್ದರೆ ಸ್ವಲ್ಪ ಹಗುರಾಗುತ್ತಿತ್ತು. ಕೊನೆಗೆ ಎದೆನೋವೇ ಒಯ್ದಿತು. ದವಾಖಾನೆಯಲ್ಲಿ ಚಿಗವ್ವ ಅವರ ಮಂಚಕ್ಕೆ ಬೆನ್ನು ಮಾಡಿ ಕುಳಿತಿದ್ದಳು.

ಅಂಗಡಿಯನ್ನು ಈಗ ನಾನೇ ನಡೆಸುತ್ತೇನೆ. ಮಧ್ಯಾಹ್ನದ ಊಟ ಚಿಗವ್ವನ ಮನೆಯಲ್ಲಿ. “ಆ ಮನಷ್ಯಾ ಮಾಡಿದ್ದೊಂದು ಛಲೋ ಕೆಲಸ ಅಂದ್ರ ನಿನ್ನ ನನಗ ಬಿಟ್ಟಹೋಗಿದ್ದು” ಎನ್ನುತ್ತಾಳೆ, ರೊಟ್ಟಿ ಬಡಿಯುತ್ತ. ಇವತ್ತು ಹೇಳಿಯೇ ಬಿಡಬೇಕೆಂದು ದಿನಾ ಬಾಯಿ ತೆರೆಯುತ್ತೇನೆ.

“ಇನ್ನೊಂದು ಹಾಕ್ಲೇನವ್ವಾ?” ಎಂದು ಕೇಳುತ್ತಾಳೆ.

“ಹಾಕ್ರಿ” ಎನ್ನುತ್ತೇನೆ.