ಮೌಶಿ ಮಾಡಿದ ತಿಸ್ರಿ ಶಾವಿಗೆ

ಮೌಶಿಯ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಹತ್ತೂ ಬೆರಳು ನುಣ್ಣಗೆ, ಸ್ವಲ್ಪ ಬೆಳ್ಳಗೆ, ಬೇಸಿಗೆಯಲ್ಲೂ ತಣ್ಣಗೆ. ಹನ್ನೊಂದು ವರ್ಷ ಗೋವೆಯ ಬಂದರಿನ ಶೆಡ್ಡೊಂದರಲ್ಲಿ ಮಂಜುಗಡ್ಡೆಯ ನೀರಿನಲ್ಲಿ ಕೈಯಿಟ್ಟು ಸಿಗಡಿ ಸುಲಿದ ಬೆರಳುಗಳು ಅವು.

ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಅಣ್ಣಿಗೇರಿಯ ಶಾಲೆಗೆ ಶಿಕ್ಷಕಿಯಾಗಿ ಹೋದಾಗ ಆಕೆಯ ಅಣ್ಣನ ಮನೆಯ ಮುಂದಿನ ಕೋಣೆಯನ್ನು ಬಾಡಿಗೆ ಹಿಡಿದೆ. ಓಣಿಯವರೆಲ್ಲ ಆಕೆಯನ್ನು ಮೌಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಮದುವೆಯಾಗಿ ಗಂಡನ ಜೊತೆ ಬಂದರಿನ ಊರಿಗೆ ಹೋದವಳು. ಅದಿರು ಹೊರುತ್ತಿದ್ದ ಗಂಡ ಎರಡೇ ವರ್ಷಕ್ಕೆ ಜ್ವರದಿಂದ ತೀರಿಕೊಂಡ. ತವರಿಗೆ ಬಾ ಎಂದರೂ ಬಾರದೆ ಅಲ್ಲೇ ದುಡಿದು, ಸೊಂಟ ನೋವು ಹತ್ತಿದ ಮೇಲೆ ಊರಿಗೆ ಮರಳಿದ್ದಳು. ಈಗ ಮಂದಿಗೆ ಶಾವಿಗೆ ಹೊಸೆದು ಕೊಡುತ್ತಿದ್ದಳು.

ಮಧ್ಯಾಹ್ನ ಶಾಲೆ ಬಿಟ್ಟು ಬಂದರೆ ಪಡಸಾಲೆಯಲ್ಲಿ ಶಾವಿಗೆ ಮಣೆಯ ಮುಂದೆ ಕೂತಿರುತ್ತಿದ್ದಳು. ಕೈ ನಿಲ್ಲಿಸದೆ ಬಂದರಿನ ಕತೆ ಹೇಳುವಳು. ಇಪ್ಪತ್ತು ಹೆಂಗಸರು ಒಂದೇ ಸಾಲಿನಲ್ಲಿ ನಿಂತು ಸಿಗಡಿಯ ತಲೆ ಮುರಿದು, ಸಿಪ್ಪೆ ಎಳೆದು, ಬೆನ್ನಿನ ಕಪ್ಪು ನರ ತೆಗೆಯಬೇಕಿತ್ತಂತೆ. ಮೊದಲ ವಾರ ಮುಳ್ಳು ಚುಚ್ಚಿ ಕೈ ಊದಿ ಅನ್ನ ಕಲಸಲಿಕ್ಕೂ ಬಂದಿರಲಿಲ್ಲವಂತೆ. ಮೂರನೆಯ ತಿಂಗಳಿಗೆ ಸಿಗಡಿ ನಿನ್ನೆಯದೋ ಇವತ್ತಿನದೋ ಎಂದು ಕಣ್ಣು ಮುಚ್ಚಿ, ಬರೀ ವಾಸನೆಯಿಂದಲೇ ಹೇಳುತ್ತಿದ್ದಳಂತೆ. ಅಣ್ಣಿಗೇರಿ ಸಂತೆಯಲ್ಲೂ ಬದನೆಕಾಯನ್ನು ಮೂಗಿಗೆ ಹಿಡಿದು ನೋಡುವಳು. ಕಾಯಿಪಲ್ಲೆ ಮಾರುವವರು ನಗುತ್ತಿದ್ದರು, ಆದರೆ ಆಕೆಗೆ ಹಳೆಯ ಕಾಯಿ ಹಾಕುತ್ತಿರಲಿಲ್ಲ.

ಗೋವೆಯಲ್ಲಿದ್ದಾಗ ಆಕೆಗೆ ಸಂಜೆ ಹೊತ್ತು ಇಟಲಿಯ ಇಂಜಿನಿಯರನೊಬ್ಬನ ಮನೆಯಲ್ಲಿ ಅಡುಗೆ ಕೆಲಸವಿತ್ತಂತೆ. ಬಂದರಿನಲ್ಲಿ ಯಂತ್ರ ಜೋಡಿಸಲು ಬಂದಿದ್ದ ಆತ ತಾನೇ ಒಲೆಯ ಮುಂದೆ ನಿಂತು ಆಕೆಗೆ ತನ್ನೂರಿನ ಒಂದು ಅಡುಗೆ ಕಲಿಸಿದ. ತಿಸ್ರಿ ಎಂಬ ಚಿಪ್ಪುಜೀವಿಯನ್ನು ಬೆಳ್ಳುಳ್ಳಿ ಒಗ್ಗರಣೆಯಲ್ಲಿ ಬೇಯಿಸಿ ದಪ್ಪ ಶಾವಿಗೆಗೆ ಕಲಸುವುದು. ಒಮ್ಮೆ ಆತನ ದೇಶದ ಶಾವಿಗೆ ತೀರಿಹೋಯಿತು. ಮೌಶಿ ಅಣ್ಣ ಕಳಿಸಿದ್ದ, ಕಪ್ಪು ಮಣ್ಣಿನ ಎರಿ ಹೊಲದ ಗೋಧಿಯಲ್ಲಿ ದಪ್ಪಗೆ ಹೊಸೆದು ಒಣಗಿಸಿ ಕೊಟ್ಟಳು. ಆತ ಒಂದು ಎಳೆ ಮುರಿದು, ಬೆಳಕಿಗೆ ಹಿಡಿದು, ಈ ಗೋಧಿ ಎಲ್ಲಿಯದು ಎಂದು ಕೇಳಿದನಂತೆ. ಆಮೇಲೆ ತನ್ನ ದೇಶದಿಂದ ಶಾವಿಗೆ ತರಿಸಲೇ ಇಲ್ಲವಂತೆ.

ಆ ಅಡುಗೆ ಇಲ್ಲಿಯೂ ಮಾಡು ಎಂದು ನಾನೊಮ್ಮೆ ಕೇಳಿದೆ. ಮೌಶಿ ಒಳಗಿನ ಕಡೆ ನೋಡಿ ದನಿ ತಗ್ಗಿಸಿದಳು. ಸಮುದ್ರದ ವಾಸನೆ ತನ್ನ ಒಲೆಗೆ ತಾಗಬಾರದು ಎಂದು ವೈನಿ, ಅಂದರೆ ಅಣ್ಣನ ಹೆಂಡತಿ, ಮೌಶಿ ಮರಳಿ ಬಂದ ದಿನವೇ ಹೇಳಿದ್ದಳು. ಮೌಶಿಗೆ ಅದರ ಸಿಟ್ಟಿರಲಿಲ್ಲ. ಒಲೆ ವೈನಿಯದು, ಮಾತು ಕೇಳಬೇಕು ಎನ್ನುತ್ತಿದ್ದಳು.

ಮರುವರ್ಷ ಅಣ್ಣನಿಗೆ ಎದೆಬೇನೆ ಬಂತು. ತಾನಿರುವಾಗಲೇ ಹಿತ್ತಿಲ ಕೋಣೆಯನ್ನೂ ಅದರ ಮುಂದಿನ ಜಾಗವನ್ನೂ ತಂಗಿಯ ಹೆಸರಿಗೆ ಬರೆದುಕೊಡಬೇಕೆಂದು ಆತ ಹಟ ಹಿಡಿದ. ಇಬ್ಬರೂ ಕಾಗದ ಮಾಡಿಸಲು ನೋಂದಣಿ ಕಚೇರಿಗೆ ಹೋದರು. ಮೌಶಿ ಮೂರು ಸಲ ಹೆಬ್ಬೆಟ್ಟು ಒತ್ತಿದರೂ ಕಾಗದದ ಮೇಲೆ ಬರೀ ಶಾಯಿಯ ಚುಕ್ಕೆ ಬಿತ್ತು. ಗುಮಾಸ್ತ ಆಕೆಯ ಕೈ ನೋಡಿ, ಸಹಿ ಮಾಡಲು ಕಲಿತು ಬನ್ನಿರಿ, ಅದೇ ಪಕ್ಕಾ ಎಂದನಂತೆ. ಆ ಸಂಜೆ ಆಕೆ ನನ್ನ ಬಾಗಿಲಿಗೆ ಬಂದು ನಿಂತಳು.

"ಅಕ್ಕಾರ, ಸಣ್ಣ ಹುಡುಗರಿಗೆ ಕಲಿಸ್ತೀರಿ. ನಂಗೂ ನನ್ನ ಹೆಸರೊಂದು ಕಲಿಸ್ರಿ. ಅಣ್ಣನ ಎದಿ ಭಾಳ ದಿನಾ ತಡಿಯೂದಿಲ್ಲ."

ಆಕೆಯ ಹೆಸರಿಗೆ ನಾಲ್ಕೇ ಅಕ್ಷರ. ಆದರೆ ಎರಡನೆಯದಕ್ಕೆ ಒತ್ತಕ್ಷರವಿತ್ತು. ಬಳಪ ಆ ನುಣ್ಣನೆಯ ಬೆರಳುಗಳಿಂದ ಜಾರಿ ಜಾರಿ ಬೀಳುತ್ತಿತ್ತು. ಅದಕ್ಕೆ ಬಟ್ಟೆಯ ಚೂರು ಸುತ್ತಿಕೊಟ್ಟೆ. ಸಿಗಡಿ ಸುಲಿಯುವವರ ಹಾಗೆ ಸೊಂಟ ಬಗ್ಗಿಸಿ, ತುಟಿ ಬಿಗಿದು ಬರೆಯುವಳು. ತಪ್ಪಿದರೆ ಅಳಿಸಿ ಮತ್ತೆ ಬರೆಯುವಳು. ಅಣ್ಣ ಒಳಗೆ ಕೆಮ್ಮಿದಾಗ ಮಾತ್ರ ಕೈ ಒಂದು ಕ್ಷಣ ನಿಲ್ಲುತ್ತಿತ್ತು. ಐದು ವಾರವಾಯಿತು. ಕಾಗದದ ದಿನ ನಾನೂ ಜೊತೆಗೆ ಹೋಗಿದ್ದೆ. ಗುಮಾಸ್ತ ತೋರಿಸಿದ ಜಾಗದಲ್ಲಿ ಆಕೆ ಬರೆಯುವಷ್ಟೂ ಹೊತ್ತು ಅಣ್ಣ ಗೋಡೆ ಹಿಡಿದು ನಿಂತಿದ್ದ. ಒತ್ತಕ್ಷರ ಸ್ವಲ್ಪ ದೊಡ್ಡದಾಯಿತು. ಆತ ಕಣ್ಣೊರೆಸಿಕೊಂಡು, ಓದಲು ಬಾರದಿದ್ದರೂ ಆ ಸಹಿಯನ್ನು ಬಹಳ ಹೊತ್ತು ನೋಡಿದ.

ಅದಾದ ಎಂಟನೆಯ ದಿನ ಮಧ್ಯಾಹ್ನ ಮೌಶಿ ನನ್ನನ್ನು ಹಿತ್ತಿಲಿಗೆ ಕರೆದಳು. ಮೂರು ಕಲ್ಲಿಟ್ಟು ಹೊಸ ಒಲೆ ಹೂಡಿದ್ದಳು. ಪಕ್ಕದಲ್ಲಿ ಒದ್ದೆ ಗೋಣಿಚೀಲ. ಬಂದರಿನ ದಿನಗಳ ಪರಿಚಯದ ರೈಲು ಗಾರ್ಡೊಬ್ಬನಿಗೆ ಹೇಳಿ ಗೋವೆಯ ವಾಸ್ಕೋ ಕಡೆಯಿಂದ ಬರುವ ಗಾಡಿಯಲ್ಲಿ ತಿಸ್ರಿ ತರಿಸಿದ್ದಳು. ಧಾರವಾಡದಲ್ಲಿ ಬೆಳೆದ ನಾನು ಅವು ಬೆಣಚುಕಲ್ಲುಗಳೆಂದೇ ತಿಳಿದೆ.

"ಇದು ಈಗ ನನ್ನ ಜಾಗಾರಿ," ಎಂದಳು. "ಇಲ್ಲಿ ಏನ ಬೇಯಿಸಿದ್ರೂ ಯಾರನ್ನೂ ಕೇಳೂದಿಲ್ಲ."

ಉಪ್ಪುನೀರಿನಲ್ಲಿ ನೆನೆಸಿ ಮರಳು ಬಿಡಿಸಿದಳು. ಒಂದೊಂದನ್ನೂ ಬಡಿದು ಸಪ್ಪಳ ಕೇಳಿ, ಸತ್ತವನ್ನು ಬೇರೆ ತೆಗೆದಳು. ಕುಸುಬಿ ಎಣ್ಣೆಯಲ್ಲಿ ಬೆಳ್ಳುಳ್ಳಿ ಹೋಳು, ಎರಡು ಒಣಮೆಣಸಿನಕಾಯಿ. ಬೆಳ್ಳುಳ್ಳಿ ಕೆಂಪಾಗುವ ಮೊದಲೇ ತಿಸ್ರಿ ಸುರಿದು ಮುಚ್ಚಿದಳು. ಒಳಗಿನಿಂದ ಟಕ್ ಟಕ್ ಎಂದು ಚಿಪ್ಪು ಬಿಚ್ಚುವ ಸಪ್ಪಳ ಬಂತು. ಸಮುದ್ರದ್ದೇನಿದ್ದರೂ ಒಲೆಯ ಮೇಲೆ ಇಟ್ಟು ಮರೆಯಬಾರದು, ರಬ್ಬರಾಗುತ್ತದೆ ಎಂದಳು. ಬೇರೆ ಪಾತ್ರೆಯಲ್ಲಿ ಬೆಂದ ದಪ್ಪ ಶಾವಿಗೆಯನ್ನು ಆ ಉಪ್ಪು ರಸಕ್ಕೆ ಹಾಕಿ ತಿರುವಿ, ಮೇಲೆ ಕೊತ್ತಂಬರಿ ಉದುರಿಸಿದಳು. ಬಾಯಿ ತೆರೆಯದ ಚಿಪ್ಪುಗಳನ್ನು ಆರಿಸಿ ಒಗೆದಳು.

ಹಬ್ಬಕ್ಕೆ ಕುರಿ ಮಾಂಸ ತಿನ್ನುವ ಮನೆಯವಳಾದರೂ ಮೊದಲ ತುತ್ತಿಗೆ ಹೆದರಿದೆ. ಎರಡನೆಯದಕ್ಕೆ ಹೆದರಲಿಲ್ಲ. ಆ ಮೊದಲು ಅಂಥ ರುಚಿಯನ್ನು ನಾನು ಕಂಡಿರಲಿಲ್ಲ. ಮೌಶಿ ಚಿಪ್ಪಿನಿಂದ ರಸ ಹೀರುತ್ತ ಕಣ್ಣು ಮುಚ್ಚಿದ್ದಳು. ಊರಿಗೆ ಮರಳಿದ ಮೇಲೆ ಆಕೆ ಅದನ್ನು ಉಣ್ಣುತ್ತಿದ್ದುದು ಅದೇ ಮೊದಲು.

ಆ ನೆಮ್ಮದಿಯಲ್ಲೇ ನಾನು ಯಾರಿಗೂ ಹೇಳದ್ದನ್ನು ಹೇಳಿಬಿಟ್ಟೆ. ಅಪ್ಪ ಒಂದು ಸಂಬಂಧ ನೋಡಿದ್ದರು. ಗಂಡಿನ ಮನೆಯವರು ನೌಕರಿ ಬಿಡಬೇಕು ಎಂದಿದ್ದರು. ರಾಜೀನಾಮೆ ಬರೆದು ಪೆಟ್ಟಿಗೆಯಲ್ಲಿ ಇಟ್ಟಿದ್ದೆ. ಮೌಶಿ ಕೈಯಲ್ಲಿದ್ದ ಚಿಪ್ಪು ಕೆಳಗಿಟ್ಟಳು.

"ಅವರು ಛಲೋ ಮಂದಿ ಇದ್ರ ನೌಕರಿ ಇದ್ದಾಕಿನ್ನೂ ಮಾಡ್ಕೋತಾರ, ಅಕ್ಕಾರ. ಛಲೋ ಇಲ್ಲಂದ್ರ ನಿಮಗ ನೌಕರಿ ಬೇಕ ಬೇಕು."

ಮತ್ತೆ ಆ ವಿಷಯ ಎತ್ತಲಿಲ್ಲ. ಇನ್ನಷ್ಟು ಶಾವಿಗೆ ಬಡಿಸಿದಳು. ವಾರ ಕಳೆದು ನಾನು ನೌಕರಿ ಬಿಡುವುದಿಲ್ಲ ಎಂದು ಅಪ್ಪನಿಗೆ ಪತ್ರ ಬರೆದೆ. ಆ ಸಂಬಂಧ ಮುರಿಯಿತು, ಅಪ್ಪ ಆರು ತಿಂಗಳು ಮಾತಾಡಲಿಲ್ಲ. ಎರಡು ವರ್ಷದ ಮೇಲೆ ಹೆಣ್ಣು ನೋಡಲು ಬಂದವರು ನೌಕರಿಯ ಮಾತೇ ಎತ್ತಲಿಲ್ಲ. ಮದುವೆಯಾಗಿ ಕುಂದಗೋಳಕ್ಕೆ ವರ್ಗ ಮಾಡಿಸಿಕೊಂಡೆ. ನಿವೃತ್ತಿಯಾಗುವ ತನಕ ಪಾಠ ಹೇಳಿದೆ.

ನಾನು ಕುಂದಗೋಳದಲ್ಲಿದ್ದಾಗಲೇ ಮೌಶಿ ತನ್ನ ಹಿತ್ತಿಲ ಕೋಣೆಯಲ್ಲಿ ತೀರಿಕೊಂಡಳು. ಸುದ್ದಿ ತಡವಾಗಿ ಬಂತು, ಕೇಳಿದೊಡನೆ ಅಣ್ಣಿಗೇರಿಗೆ ಹೋದೆ. ಅಣ್ಣ ಅದಕ್ಕೂ ಮೊದಲೇ ತೀರಿಹೋಗಿದ್ದ. ವೈನಿ ಒಬ್ಬಳೇ ನನ್ನನ್ನು ಕೂಡಿಸಿ ಚಹಾ ಕೊಟ್ಟಳು. ಅವತ್ತು ಹಿತ್ತಿಲಲ್ಲಿ ಮೌಶಿ ಹೇಳಿದ ಮಾತಿಗೆ ನಾನೆಷ್ಟು ಋಣಿ ಎಂಬುದನ್ನು ಆಕೆಗೆ ಒಮ್ಮೆಯೂ ಹೇಳಲಿಲ್ಲ ಎಂದು ನನಗೆ ಅಳು ಬಂತು. ವೈನಿ ಸೆರಗಿನಿಂದ ನನ್ನ ಮುಖ ಒರೆಸಿದಳು.

"ಆಕಿಗೆ ಗೊತ್ತಿತ್ತವಾ. ನಮ್ಮ ಅಕ್ಕಾರು ನೌಕರಿ ಬಿಡಲಿಲ್ಲ ಅಂತ ಓಣಿ ತುಂಬ ಹೇಳ್ಕೋತ ತಿರುಗ್ತಿದ್ಲು."