ಹನ್ನೊಂದರ ಮೇಲೆ ತಲೆ ತೊಳೆಯದ ಬಿಸಿಲಮ್ಮ

ಬೆಳಗಿನ ಐದೂ ಇಪ್ಪತ್ತು. ಬೀದಿದೀಪಗಳು ಇನ್ನೂ ಆರಿಲ್ಲ. ತಿರುವಿನಲ್ಲಿರುವ ಸಣ್ಣ ಸಲೂನಿನ ಪಕ್ಕದ ಅಡುಗೆಮನೆಯಲ್ಲಿ ಒಂದು ಲೋಟ ಅಗಸೆ ಬೀಜ ಆರು ಲೋಟ ನೀರಿನಲ್ಲಿ ಕುದಿಯುತ್ತಿದೆ. ಐವತ್ತಮೂರು ವರ್ಷದ ಹೆಂಗಸೊಬ್ಬರು ತಳ ಹಿಡಿಯದಂತೆ ಮರದ ಸೌಟಿನಿಂದ ತಿರುವುತ್ತಿದ್ದಾರೆ. ಆಗಾಗ ಸೌಟನ್ನು ಮೇಲೆತ್ತಿ, ಲೋಳೆ ಹೇಗೆ ಇಳಿಯುತ್ತದೆ ಎಂದು ದೀಪಕ್ಕೆ ಹಿಡಿದು ನೋಡುತ್ತಾರೆ.

"ಮೊಟ್ಟೆ ಬಿಳಿ ಥರ ಇಳೀಬೇಕು," ಎನ್ನುತ್ತಾರೆ. "ಒಂದು ನಿಮಿಷ ಜಾಸ್ತಿ ಬಿಟ್ರೆ ಗಟ್ಟಿ ಆಗುತ್ತೆ. ಆಮೇಲೆ ಬಟ್ಟೇಲಿ ಹಿಂಡಿ ಹಿಂಡಿ ನನ್ನ ಕೈ ಬಿದ್ದೋಗುತ್ತೆ, ಲೋಳೆ ಮಾತ್ರ ಬೀಳಲ್ಲ."

ಅಷ್ಟರಲ್ಲಿ ಬೆಳಗಿನ ಮೊದಲ ಬಸ್ಸು ಕಿಟಕಿಯ ಮುಂದೆ ಹಾದುಹೋಗುತ್ತದೆ. ಇಷ್ಟು ಹೊತ್ತು ಪಾತ್ರೆಯಿಂದ ಕಣ್ಣು ಕೀಳದವರು ಸೌಟು ಬಿಟ್ಟು ಕಿಟಕಿಗೆ ಬರುತ್ತಾರೆ. ಚಾಲಕರ ಸೀಟಿನ ಕಡೆ ನೋಡಿ, "ಇವತ್ತೂ ಬೇರೆಯವರೇ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಮತ್ತೆ ಒಲೆಯ ಮುಂದೆ ನಿಲ್ಲುತ್ತಾರೆ. ಆ ಬಸ್ಸನ್ನು ಹದಿನೆಂಟು ವರ್ಷದಿಂದ ಓಡಿಸುತ್ತಿರುವುದು ಅವರ ಸ್ವಂತ ಅಕ್ಕ. ಮೂರು ವಾರದಿಂದ ಆ ಸೀಟಿನಲ್ಲಿ ಅಕ್ಕ ಕಾಣುತ್ತಿಲ್ಲ.

ಇವರ ನಿಜವಾದ ಹೆಸರು ಈಗ ಉಳಿದಿರುವುದು ಕರೆಂಟ್ ಬಿಲ್ಲಿನ ಮೇಲೆ ಮಾತ್ರ. ಇಡೀ ಬೀದಿಗೆ ಅವರು ಬಿಸಿಲಮ್ಮ. ಬಾಚಣಿಗೆ ಮುಟ್ಟಿಸದೆ, ಬೆರಳಲ್ಲೇ ಹೊಸೆದು ಹೊಸೆದು ಹಗ್ಗದಂತೆ ಬೆಳೆಸುವ ಕೂದಲಿಗೆ ಹಳಬರು ಜಟೆ ಎನ್ನುತ್ತಾರೆ, ಈಗಿನವರು ಲಾಕ್ಸ್ ಎನ್ನುತ್ತಾರೆ. ಅಂಥ ಕೂದಲನ್ನು ತೊಳೆದು, ಬಿಸಿಲಲ್ಲೇ ಒಣಗಿಸಿ, ಬುಡ ಹೊಸೆದು ಕೊಡುವುದೇ ಬಿಸಿಲಮ್ಮನ ಇಪ್ಪತ್ತೆರಡು ವರ್ಷದ ಕಸುಬು. ಬಾಗಿಲ ಮೇಲೆ ಅಂಗಡಿಯ ಹೆಸರಿಲ್ಲ. ಇರುವುದು ಒಂದೇ ಫಲಕ: "ಹನ್ನೊಂದು ಗಂಟೆಯ ಮೇಲೆ ತಲೆ ತೊಳೆಯುವುದಿಲ್ಲ. ಒತ್ತಾಯ ಮಾಡಬೇಡಿ."

ಒತ್ತಾಯ ಮಾಡಿದವರಿಲ್ಲ ಎಂದಲ್ಲ. ಒಮ್ಮೆ ಮದುವೆಯ ಹಿಂದಿನ ದಿನ ಮದುಮಗನೊಬ್ಬ ಮಧ್ಯಾಹ್ನ ಎರಡು ಗಂಟೆಗೆ ಬಂದು, ಕಾಲಿಗೆ ಬೀಳುವುದೊಂದು ಬಾಕಿ ಎಂಬಂತೆ ಗೋಗರೆದನಂತೆ. "ಮುಖ ತೊಳ್ಕೊಂಡು ಹೋಗಪ್ಪ, ಹುಡುಗಿ ಮುಖಾನೇ ನೋಡೋದು ಅಂದೆ," ಎಂದು ಬಿಸಿಲಮ್ಮ ನಗುತ್ತಾರೆ. ಆ ನಗು ಬಹಳ ಹೊತ್ತು ನಿಲ್ಲುವುದಿಲ್ಲ. ಆ ಫಲಕದ ಹಿಂದಿರುವ ಕಥೆ ನಗುವಂಥದ್ದಲ್ಲ.

ಸಲೂನು ಎಂದರೆ ಹತ್ತು ಅಡಿಗೆ ಹನ್ನೆರಡು ಅಡಿಯ ಒಂದು ಕೋಣೆ. ಪೂರ್ವದಿಂದ ದಕ್ಷಿಣಕ್ಕೆ ಬಳಸುವ ದೊಡ್ಡ ಕಿಟಕಿ, ಅದರ ಕೆಳಗೆ ಸಾಲಾಗಿ ಮೂರು ಕುರ್ಚಿ. ಮೋಡದ ದಿನಕ್ಕೆಂದು ತಲೆಯ ಮೇಲೆ ಬುಟ್ಟಿ ಕವಿಚಿದಂತೆ ಇಳಿಯುವ ಹಳೆಯ ಡ್ರೈಯರ್ ಒಂದಿದೆ. ಅದು ಶುರುವಾದರೆ ಪಕ್ಕದ ಅಂಗಡಿಯವರಿಗೂ ಗೊತ್ತಾಗುತ್ತದೆ. ಫ್ರಿಜ್ಜಿನಲ್ಲಿ ಅಗಸೆ ಲೋಳೆ, ಲೋಳೆಸರದ ರಸ, ರೋಸ್‌ಮರಿ ಎಲೆ ಕುದಿಸಿ ಸೋಸಿದ ನೀರು, ವಿನೆಗರ್ ಬೆರೆಸಿದ ನೀರು. ಎಲ್ಲ ಬಾಟಲಿಯ ಮೇಲೂ ತಾರೀಖು. ಏಳು ದಿನ ಕಳೆದದ್ದು ನೇರ ಮೋರಿಗೆ. "ಮನೇಲಿ ಮಾಡಿದ್ದು ಅಂದ್ರೆ ಕೆಡಲ್ಲ ಅನ್ಕೊಂಡಿರ್ತಾರೆ. ಮನೇಲಿ ಮಾಡಿದ್ದೇ ಮೊದ್ಲು ಕೆಡೋದು."

ದಿನಕ್ಕೆ ನಾಲ್ಕೇ ತಲೆ, ಮೋಡವಿದ್ದರೆ ಎರಡು. ಒಂದು ತಲೆಯಲ್ಲಿ ನಲವತ್ತರಿಂದ ನೂರಿಪ್ಪತ್ತರವರೆಗೂ ಜಟೆಗಳಿರುತ್ತವೆ. ಒಂದೊಂದನ್ನೂ ಹಿಂಡಿ, ಬಟ್ಟೆಯಲ್ಲಿ ಒತ್ತಿ, ಬಿಸಿಲಿಗೆ ಹರಡಿ, ಬುಡಕ್ಕೆ ಬೆರಳ ತುದಿಯಷ್ಟು ಲೋಳೆ ಹಚ್ಚಿ ಹೊಸೆಯಬೇಕು. ಬಲಗೈ ಹೆಬ್ಬೆರಳ ಗೆಣ್ಣು ಅಡಿಕೆಯಷ್ಟು ಊದಿಕೊಂಡಿದೆ. ವೈದ್ಯರು ಕೈಗೆ ವಿಶ್ರಾಂತಿ ಕೊಡಿ ಎಂದಿದ್ದಾರೆ. "ಕೊಡ್ತೀನಿ, ರಾತ್ರಿ ಮಲಗಿದಾಗ," ಎಂಬುದು ಇವರ ಉತ್ತರ.

ಬಿಸಿಲಮ್ಮ ಮೊದಲು ಒಂದು ದೊಡ್ಡ ಸಲೂನಿನಲ್ಲಿ ನೆಲ ಗುಡಿಸುವ, ತಲೆ ತೊಳೆಯುವ ಕೆಲಸದಲ್ಲಿದ್ದರು. ಜಟೆಯವರು ಬಾಗಿಲು ತಳ್ಳಿದರೆ ಸಾಕು, ಅಲ್ಲಿನ ಮೇಲ್ವಿಚಾರಕರು, "ಇದನ್ನೆಲ್ಲ ತೆಗೆಸ್ಕೊಂಡು ಬನ್ನಿ, ಆಮೇಲೆ ನೋಡೋಣ," ಎಂದು ಅಲ್ಲಿಂದಲೇ ಸಾಗಹಾಕುತ್ತಿದ್ದರು. ಒಬ್ಬ ಬಡಗಿ ಮೂರು ಸಲ ಬಂದು ಮೂರು ಸಲವೂ ಹಾಗೇ ಹೋದ. ಮೂರನೇ ಸಲ ಬಿಸಿಲಮ್ಮ ಪೊರಕೆ ಗೋಡೆಗಾನಿಸಿ ಅವನ ಹಿಂದೆಯೇ ಬೀದಿಗಿಳಿದರು. ಆ ಭಾನುವಾರ ತಮ್ಮ ಅಡುಗೆಮನೆಯ ಸಿಂಕಿನಲ್ಲಿ ಅವನ ತಲೆ ತೊಳೆದರು. ಬಡಗಿ ಇವತ್ತಿಗೂ ತಿಂಗಳಿಗೊಮ್ಮೆ ಬರುತ್ತಾನೆ. ತೊಳೆದ ನೀರು ನೋಡಿಯೇ ಬಿಸಿಲಮ್ಮ, "ಈ ವಾರ ಪ್ಲೈವುಡ್ ಕೆಲಸ ಅಲ್ವಾ?" ಎಂದು ಕೇಳುತ್ತಾರೆ.

"ಸುಳ್ಳು ಹೇಳೋ ಹಾಗೇ ಇಲ್ಲ ಇವ್ರ ಹತ್ರ," ಎಂದು ಬಡಗಿ ದೂರುತ್ತಾನೆ. "ಹೊಟ್ಟು ನೋಡೇ ಯಾವ ಮರ ಅಂತ ಹೇಳಿಬಿಡ್ತಾರೆ."

ಏಳು ಗಂಟೆಗೆ ಹೊಸಬಳೊಬ್ಬಳು ಬರುತ್ತಾಳೆ. ಆಸ್ಪತ್ರೆಯಲ್ಲಿ ನರ್ಸು, ರಾತ್ರಿ ಪಾಳಿ ಮುಗಿಸಿ ನೇರ ಇಲ್ಲಿಗೇ ಬಂದಿದ್ದಾಳೆ. ಬಿಸಿಲಮ್ಮ ಅವಳ ತಲೆ ಮುಟ್ಟುವ ಮೊದಲು ಕಪಾಟಿನಿಂದ ಒಂದು ಗಾಜಿನ ಬಾಟಲಿ ತೆಗೆದು ಅವಳ ಕೈಗಿಡುತ್ತಾರೆ. ಒಳಗೆ ಗೇಣುದ್ದದ ಒಂದು ಜಟೆ, ಉದ್ದಕ್ಕೆ ಸೀಳಿದ್ದು. ಮೇಲೆ ಕಪ್ಪಗೆ ಮಿರಿಮಿರಿ ಮಿಂಚುತ್ತದೆ. ಒಳಗೆ ಬೂದಿ ಬಣ್ಣದ ಬೂಷ್ಟು, ಬುಡದಿಂದ ತುದಿಯವರೆಗೆ.

"ಹೊರಗಿಂದ ನೋಡಿದ್ರೆ ಯಾರಿಗೂ ಗೊತ್ತಾಗಲ್ಲ," ಎನ್ನುತ್ತಾರೆ ಬಿಸಿಲಮ್ಮ. "ನೀರು ಒಳಗೆ ನಿಂತ್ರೆ ಹೀಗಾಗುತ್ತೆ. ಇದು ನನ್ನ ಕೈಯಿಂದ ಆದದ್ದು. ಇದನ್ನ ನೋಡಿದ ಮೇಲೂ ಕೂರ್ತೀನಿ ಅಂದ್ರೆ ಕೂರಮ್ಮ."

ನರ್ಸು ಸ್ವಲ್ಪ ಹೊತ್ತು ಬಾಟಲಿಯನ್ನೇ ನೋಡಿ, ಕುರ್ಚಿಯಲ್ಲಿ ಕೂರುತ್ತಾಳೆ. ಬರುವ ಪ್ರತಿಯೊಬ್ಬ ಹೊಸಬರಿಗೂ ಬಿಸಿಲಮ್ಮ ಒಂಬತ್ತು ವರ್ಷದಿಂದ ಹೀಗೇ ತಮ್ಮ ತಪ್ಪನ್ನು ಮೊದಲು ತೋರಿಸುತ್ತಾರೆ. ಎದ್ದು ಹೋದವರೂ ಇದ್ದಾರೆ. ಅದು ಯಾರ ಜಟೆ ಎಂದು ಮಾತ್ರ ಯಾರಿಗೂ ಹೇಳುವುದಿಲ್ಲ. ಈ ಬರಹಕ್ಕಾಗಿ ಕೇಳಿದಾಗಲೂ ಎರಡು ದಿನ ಮಾತು ತೇಲಿಸಿದರು. ಮೂರನೆಯ ದಿನ, ಟವೆಲು ಮಡಿಸುತ್ತಾ, ಕೇಳದೆಯೇ ಹೇಳಿದರು.

ಅದು ಅಕ್ಕನದು. ಅಕ್ಕ ಬೆಳಗಿನ ಮೊದಲ ಬಸ್ಸಿಗೆ ನಾಲ್ಕಕ್ಕೇ ಏಳಬೇಕು, ಬಿಡುವು ಸಿಗುವುದು ಸಂಜೆ. ಬೇರೆಯವರಿಗೆ ಏನೇ ಹೇಳಲಿ, ಅಕ್ಕನಿಗೆ ಸಂಜೆಯಲ್ಲದೆ ಇನ್ಯಾವಾಗ? ಹೀಗಾಗಿ ಒಂದು ಇಡೀ ಚಳಿಗಾಲ ಸಂಜೆ ಏಳಕ್ಕೆ ತೊಳೆದರು. ಆಗ ಬಿಸಿಲಮ್ಮ ಹೊಸದಾಗಿ ಒಂದು ಮುಲಾಮು ಮಾಡಿದ್ದರು, ಜೇನುಮೇಣ ಕರಗಿಸಿ ಎಣ್ಣೆಯಲ್ಲಿ ಬೆರೆಸಿದ್ದು. ಕೂದಲು ಮಿಂಚುತ್ತಿತ್ತು, ಬುಡ ಬಿಗಿಯಾಗಿ ನಿಲ್ಲುತ್ತಿತ್ತು, ಅಕ್ಕನಿಗೂ ಇಷ್ಟವಾಗಿತ್ತು. ಒದ್ದೆ ಆರುವ ಮೊದಲೇ ಅದನ್ನು ಹಚ್ಚಿ, ಬಟ್ಟೆ ಸುತ್ತಿ ಕಳಿಸುತ್ತಿದ್ದರು. ಬೆಳಿಗ್ಗೆ ಅದರ ಮೇಲೆ ಚಾಲಕರ ಟೋಪಿ. ಒಳಗೆ ನಿಂತ ನೀರು ಹೊರಗೆ ಬರದಂತೆ ಮೇಣ ಬಾಗಿಲು ಹಾಕಿತ್ತು.

"ಒಂದಿನ ಅಕ್ಕ ಬಂದು, ದಿಂಬಿಂದ ನೆಲಮಾಳಿಗೆ ಥರ ಮುಗ್ಗು ವಾಸನೆ ಬರ್ತಿದೆ ಕಣೇ ಅಂದ್ಲು. ಒಂದು ಜಟೆ ಸೀಳಿ ನೋಡಿದೆ. ಆಮೇಲೆ ಇನ್ನೊಂದು. ಆಮೇಲೆ ಇನ್ನೊಂದು." ಬಿಸಿಲಮ್ಮನ ಕೈ ಟವೆಲಿನ ಮೇಲೆ ನಿಲ್ಲುತ್ತದೆ. "ಐವತ್ತೆರಡು. ಹದಿನಾಲ್ಕು ವರ್ಷ ಬೆಳೆಸಿದ್ದು. ಎಲ್ಲಾನೂ ನಾನೇ ಕತ್ತರಿಸಿದೆ. ಅಕ್ಕ ಬೈಲಿಲ್ಲ. ನಿನ್ನ ಕೈ ನಂಬಿ ಕಣ್ಣು ಮುಚ್ಕೊಂಡು ಕೂತಿದ್ದೆ ಕಣೇ, ಅಂತ ಅಷ್ಟೇ ಅಂದು ಬಟ್ಟೆ ಕಟ್ಕೊಂಡು ಕೆಲಸಕ್ಕೆ ಹೋದ್ಲು. ಬೈದಿದ್ರೆ ಚೆನ್ನಾಗಿತ್ತು."

ಅಕ್ಕತಂಗಿಯರು ಮಾತು ಬಿಟ್ಟಿಲ್ಲ. ಅಮ್ಮನ ಮಾತ್ರೆ, ಮನೆಯ ಸೋರುವ ನಲ್ಲಿ, ಎಲ್ಲದಕ್ಕೂ ಫೋನಿದೆ. ಕೂದಲ ಸುದ್ದಿ ಮಾತ್ರ ಇಬ್ಬರೂ ಎತ್ತುವುದಿಲ್ಲ. ದಿನಾ ಕಿಟಕಿಯಲ್ಲಿ ನಿಂತು ಬಸ್ಸು ನೋಡುವುದನ್ನೂ ಬಿಸಿಲಮ್ಮ ಅಕ್ಕನಿಗೆ ಹೇಳಿಲ್ಲ, ಹೀಗಾಗಿ ಮೂರು ವಾರದಿಂದ ಯಾಕೆ ಕಾಣುತ್ತಿಲ್ಲವೆಂದು ಕೇಳಿಯೂ ಇಲ್ಲ. ಅಕ್ಕ ಮತ್ತೆ ಜಟೆ ಬೆಳೆಸಿದರು, ತಾವೇ ತೊಳೆದುಕೊಂಡರು, ಈ ಕೋಣೆಗೆ ಕಾಲಿಡಲಿಲ್ಲ. ಬಿಸಿಲಮ್ಮ ಮೇಣವನ್ನು ಮನೆಯಿಂದಲೇ ಹೊರಹಾಕಿದರು, ಹನ್ನೊಂದರ ಮೇಲೆ ತೊಳೆದ ಜಟೆ ಬಿಸಿಲಿಳಿಯುವುದರೊಳಗೆ ಒಣಗುವುದಿಲ್ಲವೆಂದು ಬಾಗಿಲಿಗೆ ಫಲಕ ಹಾಕಿದರು. ಹಾಕಿದ ಮೇಲೆ ಗೊತ್ತಾಯಿತು, ಆ ಫಲಕ ಬೇರೆ ಯಾರಿಗಿಂತ ಮೊದಲು ಅಕ್ಕನನ್ನೇ ಹೊರಗಿಟ್ಟಿದೆ ಎಂದು. ಬೆಳಗಿನ ಹೊತ್ತೆಲ್ಲ ಅಕ್ಕ ಸ್ಟೇರಿಂಗಿನ ಹಿಂದೆ. ಅಕ್ಕನಿಗಾಗಿ ನಿಯಮ ಸಡಿಲಿಸೋಣವೆಂದರೆ, ಸಡಿಲಿಸಿದ್ದರಿಂದಲೇ ತಾನೇ ಇಷ್ಟೆಲ್ಲ ಆದದ್ದು.

ನಿಮಗೇನು ಆಸೆ ಎಂದು ಕೇಳಿದರೆ ಬಿಸಿಲಮ್ಮ ದೊಡ್ಡ ಅಂಗಡಿ ಕೇಳುವುದಿಲ್ಲ, ಹೊಸ ಡ್ರೈಯರನ್ನೂ ಕೇಳುವುದಿಲ್ಲ. "ಆ ಕಿಟಕಿ ಹತ್ರದ ಕುರ್ಚೀಲಿ ಅಕ್ಕ ಒಂದು ಸಲ ಕೂತ್ರೆ ಸಾಕು," ಎನ್ನುತ್ತಾರೆ. ಕೂತರೆ ಮತ್ತೆ ತಪ್ಪಾಗುತ್ತದೇನೋ ಎಂಬ ಹೆದರಿಕೆಯೂ ಇದೆ, ಅದನ್ನೂ ಮುಚ್ಚಿಡುವುದಿಲ್ಲ.

ಅದೇ ವಾರದ ಕೊನೆಗೆ ಫೋನು ಬರುತ್ತದೆ. ಆ ಕಡೆ ಅಕ್ಕ.

"ಆ ಅಗಸೆ ಲೋಳೆ ಒಂದು ಬಾಟ್ಲಿ ಬೇಕಿತ್ತು."

"ಕಳಿಸ್ತೀನಿ. ಬಸ್ಸಲ್ಲಿ ಯಾಕೆ ಕಾಣ್ತಿಲ್ಲ ನೀನು?"

"ಭುಜ ಹಿಡ್ಕೊಂಡಿದೆ. ಎರಡು ತಿಂಗಳು ರಜ ಹಾಕ್ಸಿದಾರೆ. ಬಾಟ್ಲಿ ಕೊಟ್ರೂ ಹಚ್ಕೊಳ್ಳೋಕೆ ಕೈ ಮೇಲೆ ಹೋಗಲ್ಲ ಕಣೇ."

"ನಾಳೆ ಬೆಳಿಗ್ಗೆ ಆರಕ್ಕೆ ಬಾ," ಎನ್ನುತ್ತಾರೆ ಬಿಸಿಲಮ್ಮ. ಫೋನಿಟ್ಟ ಮೇಲೆ ನಾಳೆಯ ಉಳಿದ ಮೂವರಿಗೂ ಕರೆ ಮಾಡಿ ಬೇರೆ ದಿನ ಹೇಳುತ್ತಾರೆ. ಬಡಗಿ ಗೊಣಗುತ್ತಾನೆ, ಒಪ್ಪುತ್ತಾನೆ.

ಆರಕ್ಕೆ ಐದು ನಿಮಿಷವಿರುವಾಗ ಅಕ್ಕ ಬರುತ್ತಾರೆ. ತಂಗಿಗಿಂತ ಗೇಣುದ್ದ ಎತ್ತರ, ಎಡಗೈಯನ್ನು ಎದೆಗೆ ಒತ್ತಿ ಹಿಡಿದಿದ್ದಾರೆ. ಕುರ್ಚಿಯಲ್ಲಿ ಕೂತವರು ಕನ್ನಡಿಯಲ್ಲಿ ತಂಗಿಯ ಕೈಗಳನ್ನೇ ನೋಡುತ್ತಾರೆ, ರೆಪ್ಪೆ ಬಡಿಯುವುದೂ ಕಡಿಮೆ. ನಲವತ್ತೇಳು ಜಟೆ. ಭುಜದ ನೋವಿಗೆ ನಾಲ್ಕು ತಿಂಗಳಿಂದ ಬುಡ ಹೊಸೆದಿಲ್ಲ. ಹಿಂದೆ ಕುತ್ತಿಗೆಯ ಮೇಲೆ ಎರಡು ಜಟೆಗಳು ಬುಡದಲ್ಲಿ ಒಂದಕ್ಕೊಂದು ಹೆಣೆದುಕೊಂಡಿವೆ.

ತೊಳೆದು ಮುಗಿಸಿದಾಗ ಏಳೂವರೆ. ಆಮೇಲೆ ಆ ಎರಡನ್ನು ಬಿಡಿಸುವ ಕೆಲಸ. ಒಂದೊಂದೇ ಕೂದಲು, ಊದಿದ ಹೆಬ್ಬೆರಳಲ್ಲಿ. ಒಂದು ಗಂಟೆ ಆಗುತ್ತದೆ.

"ಇಷ್ಟೆಲ್ಲ ಯಾಕೆ ಒದ್ದಾಡ್ತೀಯ," ಎನ್ನುತ್ತಾರೆ ಅಕ್ಕ. "ಒಂದನ್ನ ಕತ್ತರಿಸಿ ಎಸಿ."

"ಈ ತಲೆ ಹತ್ರ ಕತ್ತರಿ ಬರಲ್ಲ."

ಕನ್ನಡಿಯಲ್ಲಿ ಅಕ್ಕನ ಕಣ್ಣು ಕಪಾಟಿನ ಮೇಲಿನ ಗಾಜಿನ ಬಾಟಲಿಗೆ ಹೋಗಿ ನಿಲ್ಲುತ್ತದೆ. ನೋಡಿದ ಕೂಡಲೇ ಗುರುತು ಸಿಗುತ್ತದೆ, ಹದಿನಾಲ್ಕು ವರ್ಷ ಹೊತ್ತವರಲ್ಲವೇ.

"ಅದನ್ನ ಇನ್ನೂ ಇಟ್ಕೊಂಡಿದೀಯಾ?"

"ಬಂದವರಿಗೆಲ್ಲ ತೋರಿಸ್ತೀನಿ."

"ಯಾರದು ಅಂತ ಹೇಳ್ತೀಯ?"

"ನನ್ನ ತಪ್ಪು ಅಂತ ಹೇಳ್ತೀನಿ."

ಕೋಣೆಯಲ್ಲಿ ಬಿಸಿಲು ಒಂದು ಕುರ್ಚಿಯಷ್ಟು ಸರಿಯುತ್ತದೆ. ಬಿಸಿಲಮ್ಮ ಅಕ್ಕನ ಕುರ್ಚಿಯನ್ನೂ ಅದರ ಜೊತೆಗೆ ಸರಿಸುತ್ತಾರೆ. ಹಿಂದಿನ ಎರಡೂ ಜಟೆಗಳು ಬೇರೆಬೇರೆಯಾಗಿ, ಒಂದು ಕೂದಲೂ ಹರಿಯದೆ, ಬೆನ್ನ ಮೇಲೆ ಇಳಿದಿವೆ. ಲೋಳೆ ಇನ್ನೂ ಹಚ್ಚಿಲ್ಲ. ಪೂರ್ತಿ ಒಣಗಿದ ಮೇಲೆ ಬುಡಕ್ಕಷ್ಟೇ ಹಚ್ಚುತ್ತಾರೆ, ಅದನ್ನೂ ಬಿಸಿಲಲ್ಲೇ ಆರಿಸುತ್ತಾರೆ. ಬಿಳಿ ಕಾಗದದ ಕರವಸ್ತ್ರದ ಚೂರುಗಳನ್ನು ಹಿಡಿದು ಪ್ರತಿ ಜಟೆಯನ್ನೂ ಬುಡದಲ್ಲಿ, ನಡುವೆ, ತುದಿಯಲ್ಲಿ ಒತ್ತಿ ನೋಡುತ್ತಾರೆ. ಕಾಗದ ತೇವವಾದರೆ ಆ ಜಟೆ ಮತ್ತೆ ಬಿಸಿಲಿಗೆ. ಹತ್ತೂವರೆ ಹೊತ್ತಿಗೆ ತಲೆಯೆತ್ತಿ ಕನ್ನಡಿ ನೋಡಿದವರು ಅಲ್ಲೇ ನಿಲ್ಲುತ್ತಾರೆ. ಅಕ್ಕ ಕಣ್ಣು ಮುಚ್ಚಿಕೊಂಡಿದ್ದಾರೆ. ನಿದ್ದೆ ಬಂದಿಲ್ಲ, ಉಸಿರು ನೋಡಿದರೆ ತಿಳಿಯುತ್ತದೆ. ಬಿಸಿಲಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಮುಂದಿನ ಜಟೆ ಹಿಡಿಯುತ್ತಾರೆ.

ಕೊನೆಯ ಕಾಗದವೂ ಒಣಗಿ ಬಂದು, ಬುಡಗಳೆಲ್ಲ ಹೊಸೆದು ಆರುವಾಗ ಮಧ್ಯಾಹ್ನ ಎರಡು ಗಂಟೆ. ಅಕ್ಕ ಎದ್ದು, ಒಂದು ಜಟೆಯನ್ನು ಮೂಗಿನ ಹತ್ತಿರ ತಂದು ಮೂಸುತ್ತಾರೆ. ಬಾಗಿಲ ಹತ್ತಿರ ಹೋದವರು ಫಲಕ ಓದಿ ತಿರುಗುತ್ತಾರೆ.

"ಮುಂದಿನ ತಿಂಗಳೂ ಬೆಳಿಗ್ಗೆ ಆರಕ್ಕೇ ಬರ್ಕೋ."

ಬಿಸಿಲಮ್ಮ ಪುಸ್ತಕ ತೆಗೆಯುತ್ತಾರೆ. ಈ ಅಂಗಡಿಯ ಪುಸ್ತಕದಲ್ಲಿ ಎಲ್ಲರ ಸರದಿಯೂ ಪೆನ್ಸಿಲಿನಲ್ಲೇ ಇದೆ. ಜನ ದಿನ ಬದಲಾಯಿಸುತ್ತಾರೆ, ಬರುವುದೇ ಇಲ್ಲ, ಅಳಿಸುವ ರಬ್ಬರು ದಾರದಲ್ಲಿ ಪುಸ್ತಕಕ್ಕೇ ಕಟ್ಟಿದೆ. ಬಿಸಿಲಮ್ಮ ತಾರೀಖು ಹುಡುಕಿ, ಪೆನ್ಸಿಲು ಹಿಡಿದು, ಅಳುಕುತ್ತಲೇ ಕೇಳುತ್ತಾರೆ: "ಅದರ ಮುಂದಿನ ತಿಂಗಳಿಗೆ ನಿನ್ನ ರಜ ಮುಗಿಯುತ್ತಲ್ಲ. ಬೆಳಿಗ್ಗೆ ಹೊತ್ತು ಹೇಗೆ ಬರ್ತೀಯ?"

"ತಿಂಗಳಿಗೊಂದು ದಿನ ರಜ ಹಾಕ್ತೀನಿ. ಬಸ್ಸು ಓಡ್ಸೋಕೆ ಬೇರೆಯವರಿದಾರೆ," ಎನ್ನುತ್ತಾರೆ ಅಕ್ಕ. ಆಮೇಲೆ ನೆಟ್ಟಗಿರುವ ಬಲಗೈ ಚಾಚಿ, ತಂಗಿಯ ಬೆರಳ ನಡುವಿನಿಂದ ಪೆನ್ಸಿಲನ್ನು ಎಳೆದುಕೊಳ್ಳುತ್ತಾರೆ. "ಪೆನ್ನಲ್ಲಿ ಬರಿ."