ತೆಂಗಿನೆಣ್ಣೆ ಕುಡಿದ ಚಾಕು

ಇವತ್ತು ಬೆಳಿಗ್ಗೆ ತೆಂಗಿನೆಣ್ಣೆ ಬಾಟಲಿಯೊಳಗೇ ಗಟ್ಟಿಯಾಗಿತ್ತು. ಈಗಿನ ಬೆಂಗಳೂರಿನಲ್ಲಿ ಅಂಥ ಚಳಿಯ ದಿನಗಳು ಕಡಿಮೆ. ಬಾಟಲಿಯನ್ನು ಬಿಸಿಲಿಗಿಡುವಾಗ ನನಗೆ ನೆನಪಾದದ್ದು ತಲೆಗೂದಲಲ್ಲ (ಉಳಿದಿರುವುದಾದರೂ ಎಷ್ಟು!), ಚಿಕ್ಕಪ್ಪನ ಪಾಕೆಟ್ ನೈಫ್. ನಗಬೇಡಿ, ಹೇಳುತ್ತೇನೆ.

ಐವತ್ತರ ದಶಕದ ಕೊನೆ. ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಮ್ಮ ಜೊತೆಗಿದ್ದ ಚಿಕ್ಕಪ್ಪ ಫ್ಯಾಕ್ಟರಿಯೊಂದರಲ್ಲಿ ಫಿಟ್ಟರ್. ಭಾನುವಾರ ವರಾಂಡದ ಮೇಜಿಗೆ ಪೇಪರ್ ಹಾಸಿ ಹಳೆಯ ಪಾಕೆಟ್ ನೈಫುಗಳನ್ನು ಬಿಚ್ಚುವುದು ಅವರ ಹಾಬಿ. ಬ್ಲೇಡು, ಡಬ್ಬಿ ತೆರೆಯುವ ಕೊಕ್ಕೆ, ಸ್ಕ್ರೂಡ್ರೈವರ್ ಎಲ್ಲ ಒಂದೇ ಹಿಡಿಯೊಳಗೆ ಮಡಚಿಕೊಂಡಿರುತ್ತವಲ್ಲ, ಅಂಥವು. ಮೊದಲು ರಿವೆಟ್ ತೆಗೆದು ಸ್ಕ್ರೂ ಹಾಕುತ್ತಿದ್ದರು, ಮತ್ತೆ ಬಿಚ್ಚಲು ಬರಲಿ ಎಂದು. ಆಮೇಲೆ ಕಾರ್ಕ್‌ಸ್ಕ್ರೂಗೆ ಗೇಟ್‌ಪಾಸ್. ನಮ್ಮ ಮನೆಯಲ್ಲಿ ಅದಕ್ಕೆ ತಕ್ಕ ಬಾಟಲಿ ಎಲ್ಲಿತ್ತು? ಆ ಜಾಗಕ್ಕೆ ಅಜ್ಜಿಯ ಆರ್ಡರಿನಂತೆ, ಲಂಗಕ್ಕೆ ಲಾಡಿ ಪೋಣಿಸುವ ಕಡ್ಡಿಯೊಂದು ಬಂತು.

ನನಗಾಗ ಹನ್ನೆರಡು. ಕಾನ್ವೆಂಟಿನ ನೀಡಲ್‌ವರ್ಕ್ ಕ್ಲಾಸಿನಲ್ಲಿ ಹೋಪ್‌ಲೆಸ್ ಎನಿಸಿಕೊಂಡ ಬೆರಳುಗಳು ಆ ಮೇಜಿನ ಬಳಿ ಮಾತ್ರ ಚುರುಕಾಗುತ್ತಿದ್ದವು. ಚಿಕ್ಕಪ್ಪ ಟೆಸ್ಟ್ ಇಟ್ಟರು: ಅವರ ಸ್ವಂತ ಚಾಕುವನ್ನು ನಾನೊಬ್ಬಳೇ ಜೋಡಿಸಿದರೆ ಅವರ ಎದುರು ನನಗೊಂದು ಸ್ಟೂಲ್, ಪರ್ಮನೆಂಟ್.

ಜೋಡಿಸಿದೆ. ಬ್ಲೇಡು ಸ್ವಲ್ಪ ಬಿಗಿ. ಹೊಲಿಗೆ ಮೆಷಿನ್ನಿನ ಎಣ್ಣೆ ಮುಗಿದಿತ್ತು, ಅಜ್ಜಿಯ ತೆಂಗಿನೆಣ್ಣೆ ನಾಲ್ಕು ಹನಿ ಬಿಟ್ಟೆ. ಸಲೀಸಾಯಿತು. ಸ್ಟೂಲ್ ಸಿಕ್ಕಿತು. ಎಣ್ಣೆಯ ಸುದ್ದಿ ನಾನು ಎತ್ತಲಿಲ್ಲ.

ಡಿಸೆಂಬರ್ ಬಂತು. ಚಿಕ್ಕಪ್ಪ ಸೈಕಲ್ಲಿನಲ್ಲಿ ಫ್ಯಾಕ್ಟರಿ ಮುಟ್ಟುವಷ್ಟರಲ್ಲಿ ಚಾಕು ತೆರೆಯೆನೆಂದು ಹಟ ಹಿಡಿಯುತ್ತಿತ್ತು, ಸಂಜೆ ಮನೆಯಲ್ಲಿ ತಾನೇ ಸರಿಹೋಗುತ್ತಿತ್ತು. ಬೇರೆಯವರಾದರೆ ರೇಗುತ್ತಿದ್ದರು. ಚಿಕ್ಕಪ್ಪನಿಗೆ ಬರೀ ಕುತೂಹಲ. ಒಂದು ವಾರ ಅದನ್ನು ಬೆಳಿಗ್ಗೆ ಕಾಂಪೌಂಡ್ ಗೋಡೆಯ ಮೇಲೆ, ಸಂಜೆ ಒಲೆಯ ಪಕ್ಕ ಇಟ್ಟು ನೋಡಿದರು. ಬ್ಲೇಡನ್ನು ಹಿಡಿದಿಡುವ ಬೆನ್ನಿನ ಸ್ಪ್ರಿಂಗ್ ಚಳಿಗೆ ಬಿಗಿಯುತ್ತಿದೆ, ಭಾನುವಾರ ಅರ ಹಾಕಿ ತೆಳುಮಾಡಬೇಕು ಎಂದರು. ಅರ ಹಾಕಿದರೆ ಒಳ್ಳೆಯ ಸ್ಪ್ರಿಂಗ್ ಹಾಳು, ನಿಜ ಹೇಳಿದರೆ ನನ್ನ ಸ್ಟೂಲ್ ಹೋಯಿತು. ಕಾನ್ವೆಂಟಿನಲ್ಲಿ ಕ್ಯಾಥೊಲಿಕ್ ಹುಡುಗಿಯರಿಗೆ ಕನ್ಫೆಷನ್ ಇತ್ತು, ನಮಗೆ ಬರೀ ಮಾರಲ್ ಸೈನ್ಸ್.

ಭಾನುವಾರ ಅಜ್ಜಿ ನನ್ನ ತಲೆಗೆ ಅದೇ ಎಣ್ಣೆ ತಿಕ್ಕುತ್ತಿದ್ದರು. ಆ ವಾಸನೆಯಲ್ಲಿ ಕೂರಲಾಗದೆ ಎದ್ದು ವರಾಂಡಕ್ಕೆ ಓಡಿದೆ. ಚಿಕ್ಕಪ್ಪ ಚಾಕು ಬಿಚ್ಚಿ ಕೂತಿದ್ದರು.

"ಅರ ಹಾಕ್ಬೇಡಿ ಚಿಕ್ಕಪ್ಪ. ನಾನು ತೆಂಗಿನೆಣ್ಣೆ ಬಿಟ್ಟಿದ್ದೆ."

ಅವರು ಪೇಪರಿನ ಮೇಲಿದ್ದುದನ್ನು ಅಂಗೈಯಿಂದ ಮುಚ್ಚಿದರು. "ಅದಕ್ಕೇನೇ, ನನ್ನ ಜೇಬು ನಿಮ್ಮಜ್ಜಿ ಜಡೆ ಥರ ಘಮಘಮ ಅಂತಿತ್ತು," ಎಂದರು. ಆಮೇಲೆ, "ಸದ್ಯ, ಅರ ಹಾಕೋ ಮುಂಚೇನೇ ಹೇಳಿದ್ಯಲ್ಲ, ಬಿಡು. ಹೋಗು, ಸ್ನಾನ ಮಾಡು."

ಮುಂದಿನ ಭಾನುವಾರ ಸೀಮೆಎಣ್ಣೆಯಲ್ಲಿ ತೊಳೆದ ಭಾಗಗಳನ್ನು ನನ್ನ ಸ್ಟೂಲಿನ ಎದುರೇ ಇಟ್ಟು, ಜೋಡಿಸು ಎಂದರು. ಸ್ಪ್ರಿಂಗ್ ಹೊಸದರಂತೆ ಮಿರುಗುತ್ತಿತ್ತು. ಎಷ್ಟು ಚೆನ್ನಾಗಿ ತೊಳೆದಿದ್ದಾರೆ ಎಂದುಕೊಂಡೆ.

ನನ್ನ ಮದುವೆಯಲ್ಲಿ ಆ ಚಾಕುವನ್ನು ನನಗೇ ಕೊಟ್ಟರು. ಸಮಯಕ್ಕೆ ಸರಿಯಾಗಿ ನಿಜ ಹೇಳಿದ ಹುಡುಗಿಯ ಕಥೆಯನ್ನು ಮಕ್ಕಳಿಗೆ, ಮೊಮ್ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ.

ಇವತ್ತು ಎಣ್ಣೆ ಕರಗುವವರೆಗೆ ಕೆಲಸವಿರಲಿಲ್ಲ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಆ ಚಾಕುವನ್ನು ಬಿಚ್ಚಿದೆ. ಭೂತಗನ್ನಡಿ ಹಿಡಿದರೆ, ಸ್ಪ್ರಿಂಗಿನ ಅಂಚಿನಲ್ಲಿ ಸಾಲಾಗಿ ಸವೆಸಿದ ಸಣ್ಣ ಸಣ್ಣ ಹಲ್ಲುಗಳ ಗುರುತು. ಇದು ಚಾಕುವಿನ ಸ್ಪ್ರಿಂಗೇ ಅಲ್ಲ. ಫ್ಯಾಕ್ಟರಿಯ ಗರಗಸದ ಬ್ಲೇಡು ಕತ್ತರಿಸಿ ಮಾಡಿದ್ದು.

ಆ ಭಾನುವಾರ ನಾನು ವರಾಂಡಕ್ಕೆ ಓಡಿಹೋಗುವ ಹೊತ್ತಿಗೇ ಅರ ತನ್ನ ಕೆಲಸ ಮುಗಿಸಿತ್ತು.

ಮೆಷಿನ್ ಎಣ್ಣೆ ಎರಡೇ ಹನಿ ಬಿಟ್ಟು, ಆ ಸ್ಪ್ರಿಂಗನ್ನೇ ಮತ್ತೆ ಕೂರಿಸಿದೆ. ಚಾಕುವಿನ ಬೆನ್ನ ಮೇಲೆ ಹೆಬ್ಬೆರಳಾಡಿಸಿದರೆ ಆ ಹಲ್ಲುಗಳು ಈಗ ತುಸುವೇ ತಾಗುತ್ತವೆ.